ಸುಭೇದಾರರ ಗೋಡೆಯ ಮೇಲಿನ ಮಂತ್ರಿ

ಮೂಡಲಗಿ ಸಂತೆಯಲ್ಲಿ ಕುರಿ ಮಾರಿ ಮನೆ ಕಟ್ಟಿದವಳು ನಾನು. ಅದಕ್ಕೇ ನಮ್ಮ ಮನೆತನದಲ್ಲಿ ಯಾರದೇ ಮದುವೆ ಮಾತುಕತೆ ಇರಲಿ, ನನ್ನನ್ನು ಮುಂದೆ ಮಾಡುತ್ತಾರೆ. ತಮ್ಮನ ಮಗಳು ಗೋಕಾಕದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ಅವಳಿಗೆ ಹುಕ್ಕೇರಿಯ ಗಂಡು ನೋಡಿದಾಗಲೂ ಹಾಗೇ ಆಯಿತು. ಹುಡುಗಿಯನ್ನೂ ಕರೆದುಕೊಂಡೇ ಹೋಗೋಣ ಎಂದು ಹಟ ಹಿಡಿದವಳೂ ನಾನೇ. ಬಾಳುವವಳು ಮನೆ ನೋಡಬೇಡವೇ? ನೀವೂ ಹಾಗೇ ಮಾಡಿ.

ಗಂಡಿನ ತಂದೆ ಸೈನ್ಯದಿಂದ ನಿವೃತ್ತರಾದ ಸುಭೇದಾರರು. ಮೀಸೆಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಪಡಸಾಲೆಯಲ್ಲಿ ಕೂರಿಸಿ ಮೊದಲು ತೋರಿಸಿದ್ದೇ ಗೋಡೆಯ ಮೇಲಿನ ದೊಡ್ಡ ಫೋಟೋ. ಸೀರೆ ಉಟ್ಟ ರಕ್ಷಣಾ ಮಂತ್ರಿ ನಡೆದು ಬರುತ್ತಿದ್ದಾರೆ, ಸಾಲಿನಲ್ಲಿ ಇವರು ಎದೆ ಉಬ್ಬಿಸಿ ಸಲ್ಯೂಟ್ ಹೊಡೆಯುತ್ತಿದ್ದಾರೆ.

“ಏನ್ ಹೆಣ್ಮಗಳ್ರೀ ಅಕ್ಕಾರ! ಅರ್ಥಶಾಸ್ತ್ರ ಕಲ್ತಾವ್ರು. ಟೀವ್ಯಾಗ ಪಕ್ಷದ ಪರ ಮಾತಾಡಕೋತ ಮಾತಾಡಕೋತ ಮಂತ್ರಿ ಆದ್ರು. ಆಮ್ಯಾಲ ಇಡೀ ಮಿಲಿಟರಿ ಅವರ ಕೈಯಾಗ!”

ಆಕೆಯನ್ನು ಓದಿಸಿ, ಬೆಳೆಸಿ, ಪದವಿಗೆ ಏರಿಸಿದವರು ತಾವೇ ಎನ್ನುವಂತಿತ್ತು ಧಾಟಿ.

ನಮ್ಮ ಕಡೆ ಮಾತುಕತೆ ಮುಗಿದ ಮೇಲೆ ಎಲ್ಲರ ಕೈಗೂ ಸಕ್ಕರೆ ಹಾಕುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡರೆ ಸಂಬಂಧ ಕೂಡಿತು, ಹಿಂದೆ ಸರಿಯುವಂತಿಲ್ಲ. ಹುಡುಗಿಯ ನೌಕರಿಯ ವಿಷಯ ಇನ್ನೂ ಎತ್ತಿರಲೇ ಇಲ್ಲ, ತಟ್ಟೆ ಬಂದುಬಿಟ್ಟಿತು. ನಾನು ಕಣ್ಣುಸನ್ನೆ ಮಾಡುವುದರೊಳಗೆ ತಮ್ಮ ಮುಕ್ಕಿಯೇ ಬಿಟ್ಟ. ಸಿಹಿ ಕಂಡರೆ ಅವನಿಗೆ ಹೆತ್ತ ಮಗಳೂ ಕಾಣುವುದಿಲ್ಲ.

ಅದನ್ನೇ ಕಾಯುತ್ತಿದ್ದರೋ ಏನೋ, ಸುಭೇದಾರರು ಮೀಸೆ ಒರೆಸಿಕೊಂಡರು. “ಮದವಿ ಆದಮ್ಯಾಲ ನೌಕರಿ ಬಿಡಬೇಕಾಕ್ಕೈತಿ. ಹೆಂಗಸರು ಹೊರಗ ಹೋಗಿ ಹುಕುಂ ಮಾಡೂದು ನಮ್ಮ ಮನ್ಯಾಗ ನಡಿಯೂದಿಲ್ರಿ.”

ಹುಡುಗಿ ಮುಷ್ಟಿ ಬಿಗಿ ಹಿಡಿದಳು. ಆ ಕಾಲೇಜು ಬಿಟ್ಟರೆ ಅವಳಿಗೆ ಜೀವವೇ ಇಲ್ಲ. ಸಕ್ಕರೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ತಮ್ಮ ಕುಳಿತ. ನಾನು ಗೋಡೆ ತೋರಿಸಿದೆ.

“ಮತ್ತ ಅಲ್ಲಿ ಸಲ್ಯೂಟ್ ಯಾರಿಗೆ ಹೊಡದೀರಿ, ಬೀಗ್ರ?”

“ಅದು ಖುರ್ಚಿಗೆ ಹೊಡದದ್ದರಿ. ಹೆಂಗಸಿಗಲ್ಲ.”

“ಖರೆ ಐತಿ. ಹಂಗಾದ್ರ ನಮ್ಮ ಹುಡುಗೀ ಖುರ್ಚಿ ಯಾಕ ಕಸಗೋತೀರಿ? ಇರ್ಲಿ ಬಿಡ್ರಿ, ನೀವು ದಿನಾ ಮುಂಜಾನಿ ಅದಕ್ಕ ಸಲ್ಯೂಟ್ ಹೊಡಿಯಾಕ ಬರ್ತೈತಿ.”

ಅಡುಗೆಮನೆಯಲ್ಲಿ ಬೀಗಿತ್ತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಸುಭೇದಾರರು ಕೆಂಪಾದರು. “ಸಕ್ಕರಿ ತಿಂದಮ್ಯಾಲ ತಕರಾರು ತೆಗಿಬಾರದ್ರಿ ಅಕ್ಕಾರ!” ತೆಗೆದವರು ತಾವೇ ಎಂಬುದು ಮರೆತೇ ಹೋಗಿತ್ತು. ಆದರೂ ತಮ್ಮ ತಿಂದದ್ದಂತೂ ಸುಳ್ಳಾಗುವಂತಿರಲಿಲ್ಲ.

ಆಗ ಹುಡುಗಿ ಮುಷ್ಟಿ ಬಿಚ್ಚಿದಳು. ಅಂಗೈಯ ಬೆವರಿಗೆ ಸಕ್ಕರೆ ಅಂಟು ಅಂಟಾಗಿತ್ತು. “ತಿಂದಾವ ಅಪ್ಪ ರೀ, ಮಾಮಾರ. ನಾ ಇನ್ನೂ ತಿಂದಿಲ್ಲ.”

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಗಂಡು, ತನ್ನ ಕೈಯ ಸಕ್ಕರೆಯನ್ನು ತಟ್ಟೆಗೆ ಸುರಿದ. “ಆಕಿ ತಿನ್ನೂತನಾ ನಾನೂ ತಿನ್ನೂದಿಲ್ಲಪ್ಪಾ.”

ಸುಭೇದಾರರು ಮಗನನ್ನು ನೋಡಿದರು, ಫೋಟೋ ನೋಡಿದರು. ಕಡೆಗೆ, “ಹೋಗ್ಲಿ ಬಿಡ್ರಿ, ಕಲಿಸ್ಲಿ” ಎಂದು ಗೊಣಗಿದರು. ಹುಡುಗಿ ಅಂಗೈ ನೆಕ್ಕಿದಳು.

ಈಗ ಸುಭೇದಾರರು ಹುಕ್ಕೇರಿ ತುಂಬ, “ಸೊಸಿಗೆ ನೌಕರಿ ಬಿಡಬ್ಯಾಡ ಅಂದಾವ್ನ ನಾ” ಎನ್ನುತ್ತ ತಿರುಗುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಗೋಕಾಕದ ಬಸ್ಸಿಗೆ ಬಿಟ್ಟು ಬರುವವರು ಅವರೇ. ಸಲ್ಯೂಟ್ ಮಾತ್ರ ಇನ್ನೂ ಹೊಡೆದಿಲ್ಲವಂತೆ.