ಬೇಲ್ ಸಿಕ್ಕರೆ ಬರುತ್ತಾನೆ

ಇಂಗ್ಲಿಷಿನ ಉದ್ದುದ್ದ ಪದಗಳಿಗೆ ನಾನು ಎಂದೂ ಹೆದರಿದವನಲ್ಲ. ಅವು ಗತ್ತಿನ ಬೀಗರಿದ್ದಂತೆ. ಬರುವ ಮೊದಲೇ ಸುದ್ದಿ ಕಳಿಸುತ್ತವೆ, ನಾವೂ ನಿಘಂಟು ಬಿಚ್ಚಿಕೊಂಡು ಕಾದಿರುತ್ತೇವೆ. ಹೆದರಬೇಕಾದದ್ದು ಒಂದೇ ಉಸಿರಿಗೆ ಮುಗಿಯುವ ಪುಟ್ಟ ಪದಗಳಿಗೆ. ಕೊಟ್ಟೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನಗೆ ಈ ಬುದ್ಧಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅದೂ ಯಾರೋ ಮಾಡಿದ ಫೋನಿನಿಂದ.

ನಮ್ಮ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸಿದ್ದಲಿಂಗಪ್ಪನವರ ಮಗಳು ಶಾರದೆಗೆ ಹಗರಿಬೊಮ್ಮನಹಳ್ಳಿಯ ಹುಡುಗ ಗೊತ್ತಾಗಿದ್ದ. ಹೆಸರು ಮಂಜುನಾಥ, ಹತ್ತಿ ಮಿಲ್ಲಿನಲ್ಲಿ ಸೂಪರ್‌ವೈಸರ್. ಮದುವೆಯ ಜವಳಿ ತೆಗೆಯುವ ದಿನ ಕೇಳಲೆಂದು ಸಿದ್ದಲಿಂಗಪ್ಪನವರು ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದರು. ಎತ್ತಿದ್ದು ಹುಡುಗನ ಅಜ್ಜಿ.

“ಮಂಜ ಮನ್ಯಾಗಿಲ್ರಿ ಬೀಗರ. ಬೇಲ್ ಬಿಡಿಸ್ಕೊಂಡು ಬರಾಕ ಹರಪನಹಳ್ಳಿಗೆ ಹೋಗ್ಯಾನ. ಬೇಲ್ ಸಿಕ್ರ ನಾಳಿ ಬರ್ತಾನ, ಇಲ್ಲಾಂದ್ರ ಅಲ್ಲೇ ಇರ್ತಾನ.”

ಲೈನು ಅಲ್ಲಿಗೇ ಕಡಿಯಿತು. ಸಿದ್ದಲಿಂಗಪ್ಪನವರು ನೇರ ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದು, ಅಜ್ಜಿಯ ಮಾತನ್ನು ಹಾಗೇ ಒಪ್ಪಿಸಿದರು. “ಸರ, ಹುಡುಗ ಜೈಲಿನಾಗ ಅದಾನ. ಈ ಸಂಬಂಧ ಬ್ಯಾಡ.”

ನಾನು ಗಂಟಲು ಸರಿಮಾಡಿಕೊಂಡೆ. ಇಂಗ್ಲಿಷಿನಲ್ಲಿ ಬೇಲ್ ಎರಡಿವೆ, ಉಚ್ಚಾರ ಒಂದೇ. ಬಿ ಎ ಐ ಎಲ್ ಅಂದರೆ ಜಾಮೀನು, ಬಿ ಎ ಎಲ್ ಇ ಅಂದರೆ ಯಂತ್ರದಲ್ಲಿ ಒತ್ತಿ ಕಟ್ಟಿದ ಅರಳೆಯ ದೊಡ್ಡ ಗಂಟು, ಹುಡುಗ ಹತ್ತಿ ಮಿಲ್ಲಿನವನಲ್ಲವೆ ಎಂದು ಬಿಡಿಸಿ ಹೇಳಿದೆ. ತರಗತಿಯಲ್ಲಾಗಿದ್ದರೆ ಇಷ್ಟಕ್ಕೆ ತಲೆಗಳು ಆಡುತ್ತಿದ್ದವು. ಸಿದ್ದಲಿಂಗಪ್ಪನವರದು ಆಡಲಿಲ್ಲ.

“ಫೋನಿನಾಗ ಸ್ಪೆಲ್ಲಿಂಗ್ ಕೇಳಸ್ತತೇನ್ರಿ? ನೀವು ಅವ್ನ ಪರ ವಕೀಲಿ ಮಾಡಬ್ಯಾಡ್ರಿ.”

ಅಪ್ಪನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ಶಾರದೆಯನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಓಣಿಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಅಂಥವಳು ಅಂದಳು: “ಅಪ್ಪಾ, ಜೈಲಿನಾಗ ಇದ್ರೂ ಇರ್ಲಿ. ಯಾಕ ಹೋಗಿದ್ದಿ ಅಂತ ಅವ್ರನ್ನ ಒಂದು ಮಾತು ಕೇಳಬೇಕಲ್ಲ?”

ಮರುದಿನ ನಾನೂ ಸಿದ್ದಲಿಂಗಪ್ಪನವರೂ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆವು. ಅವರು ಕಿಟಕಿಯ ಸರಳು ಹಿಡಿದು ಕೂತಿದ್ದರು. ಮನಸ್ಸು ಹಗುರಾಗಲೆಂದು ನಾನು ಪದಗಳ ಕುಲಗೋತ್ರ ಹೇಳತೊಡಗಿದೆ. ಗಂಟಿನ ಬೇಲ್ ದುಂಡಗೆ ಸುತ್ತಿದ್ದು ಎಂಬುದರಿಂದ ಹುಟ್ಟಿದ್ದು, ನಮ್ಮ ಹುಡುಗರು ಆಡುವ ಬಾಲ್ ಅದರ ದಾಯಾದಿ. ಜಾಮೀನಿನ ಬೇಲ್ ಹಿಡಿದು ಹಳೆಯ ಫ್ರೆಂಚ್ ದಾಟಿ ಲ್ಯಾಟಿನ್ನಿಗೆ ಹೋದರೆ ಅಲ್ಲಿ ಎದುರಾಗುವವನು ಒಬ್ಬ ಹಮಾಲ. ಹೊರೆ ಹೊರುವವನು ಬರಬರುತ್ತಾ ಇನ್ನೊಬ್ಬನ ಹೊಣೆ ಹೊರುವವನಾದ. ಅಂದರೆ ಒಂದು ಪದ ಗಂಟು, ಇನ್ನೊಂದು ಗಂಟು ಹೊರುವವನು. ಬೇರೆ ಬೇರೆ ಊರಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬಂದು ಸೇರಿದ್ದಾರೆ, ನೋಡಿ ಎಂತಹ ಚಂದ!

“ಚಂದ ಐತ್ರಿ ಸರ. ಮೊದ್ಲು ಹುಡುಗ ಹೊರಗ ಅದಾನೋ ಒಳಗ ಅದಾನೋ ನೋಡೂಣು,” ಎಂದರು ಸಿದ್ದಲಿಂಗಪ್ಪನವರು. ಅದನ್ನು ಕೇಳಿ ನನ್ನ ಲ್ಯಾಟಿನ್ನಿಗೂ ಸ್ವಲ್ಪ ನಡುಕ ಬಂತು. ಒಂದು ವೇಳೆ ಜಾಮೀನೇ ಆಗಿದ್ದರೆ?

ಮಂಜುನಾಥ ಮನೆಯ ಕಟ್ಟೆಯ ಮೇಲೆಯೇ ಇದ್ದ. ಆಗತಾನೆ ಬಂದಿದ್ದನೇನೋ, ತಲೆಯ ತುಂಬ ಅರಳೆಯ ಎಳೆಗಳು. ಸಿದ್ದಲಿಂಗಪ್ಪನವರು ನನ್ನನ್ನು ಮುಂದೆ ತಳ್ಳಿದರು. ನಾನೇ ಕೇಳಿದೆ, “ಏನಪಾ, ಬೇಲ್ ಸಿಕ್ತಾ?”

“ಸಿಕ್ಕಾವ್ರಿ ಸರ. ಲಾರಿ ಕೆಟ್ಟು ಯಾರದೋ ಗೋದಾಮಿನಾಗ ಇಳಿಸಿದ್ರು, ಗೋದಾಮಿನ ಸಾವ್ಕಾರ ಊರಾಗಿರಲಿಲ್ಲ. ಎರಡು ನೆಂದಾವ.”

ಸಿಕ್ಕಾವ, ಅಂದರೆ ಸಿಕ್ಕಿವೆ, ಬಹುವಚನ! ಜಾಮೀನಾಗಿದ್ದರೆ ಒಂದೇ, ‘ಸಿಕ್ಕೈತಿ’ ಅನ್ನುತ್ತಿದ್ದ. ನೆನೆಯುವುದಂತೂ ಇಲ್ಲ. ಇಂಗ್ಲಿಷು ಸ್ಪೆಲ್ಲಿಂಗಿನಲ್ಲಿ ಬಚ್ಚಿಟ್ಟದ್ದನ್ನು ನಮ್ಮ ಸೀಮೆಯ ಕನ್ನಡ ಕ್ರಿಯಾಪದದ ತುದಿಯಲ್ಲಿ ಬಿಟ್ಟುಕೊಟ್ಟಿತ್ತು.

ಸಿದ್ದಲಿಂಗಪ್ಪನವರು ಮುಚ್ಚಿಡುವ ಪೈಕಿಯವರಲ್ಲ. ಜೋರಾಗಿ ನಕ್ಕು ಎಲ್ಲವನ್ನೂ ಹೇಳಿಯೇಬಿಟ್ಟರು. ಅಜ್ಜಿಯೂ ನಕ್ಕಳು. ಮಂಜುನಾಥ ಮಾತ್ರ ನಗಲಿಲ್ಲ.

“ಮದುವಿ ಬಿಡಾಕ ಹೊಂಟಿದ್ರೇನ್ರಿ? ನನ್ನ ಒಂದು ಮಾತು ಕೇಳಬೇಕಾಗಿತ್ತು.”

ಗೊತ್ತಾಗಿದ್ದ ಸಂಬಂಧ ನಿಜವಾಗಿ ಮುರಿಯುವ ಹೊತ್ತು ಬಂದದ್ದು ಈಗ. ನಾನು ಶಾರದೆ ಹೇಳಿದ್ದನ್ನು ಅವಳ ಮಾತಲ್ಲೇ ಹೇಳಿದೆ. ಜೈಲಿನಾಗ ಇದ್ರೂ ಇರ್ಲಿ ಎಂಬುದನ್ನೂ ಬಿಡಲಿಲ್ಲ.

ಅವನು ನೆಲ ನೋಡಿದ. ಕಿವಿ ಕೆಂಪಾದವು. “ಹಂಗಂದ್ಲಾ?” ಎಂದವನು ತಲೆಯ ಅರಳೆ ಕೊಡವಿಕೊಂಡು, “ಬರೂ ಸೋಮವಾರ ಜವಳಿ ತೆಗ್ಯೂಣ್ರಿ ಮಾವ. ಸೀರಿ ಆಕಿಗೆ ಹಿಡಿಸಿದ್ದ ಆಗಬೇಕು,” ಎಂದ.

ಸಂಜೆ ಕೊಟ್ಟೂರಿಗೆ ಮರಳಿದಾಗ ಸಿದ್ದಲಿಂಗಪ್ಪನವರು ಹೊಸ್ತಿಲಲ್ಲೇ ನಿಂತು ಎಲ್ಲ ಕಥೆ ಹೇಳಿದರು. ಶಾರದೆ ನಗಲೂ ಇಲ್ಲ, ನಾಚಲೂ ಇಲ್ಲ. ಕೇಳಿದ್ದು ಒಂದೇ.

“ಆ ನೆಂದ ಗಂಟು ಬಿಚ್ಚಿ ಬಿಸಿಲಿಗೆ ಹಾಕ್ಯಾರಂತೇನಪ್ಪಾ? ಹಂಗ ಬಿಟ್ರ ಅಳ್ಳಿ ಕೊಳಿತತಿ.”

ಒಂದು ಪದವನ್ನು ಹಿಡಿದು ಇಡೀ ದಿನ ಓಡಾಡಿದ್ದ ನಮಗಿಬ್ಬರಿಗೂ, ಅರಳೆಯ ಗತಿ ಏನಾಯಿತೆಂದು ಕೇಳುವುದು ಹೊಳೆದೇ ಇರಲಿಲ್ಲ.