ಸೇತುವೆಯ ನಡುವೆ ಬಿಚ್ಚಿದ ಬುತ್ತಿ

ನಾನು ನಡೆಸುವ ಬರವಣಿಗೆಯ ಕಮ್ಮಟಗಳಲ್ಲಿ ಒಂದು ನಿಯಮವಿತ್ತು. ತಮ್ಮ ಬರಹವನ್ನು ಓದಿದವರು ಆಮೇಲೆ ಬಾಯಿ ತೆರೆಯಬಾರದು. ಉಳಿದವರೆಲ್ಲ ಮಾತಾಡಿ ಮುಗಿಸುವ ತನಕ ತಲೆ ತಗ್ಗಿಸಿಯೋ ಕಿಟಕಿಯಾಚೆ ನೋಡುತ್ತಲೋ ಕೂತಿರಬೇಕು. ಬರಹ ತಾನೇ ಮಾತಾಡಬೇಕು, ಬರೆದವನು ಅದಕ್ಕೆ ವಕೀಲನಾಗಬಾರದು ಎಂಬುದು ಇದರ ಹಿಂದಿನ ವಾದ. ವಿಶ್ವವಿದ್ಯಾಲಯದಲ್ಲಿ ಕಲಿತು ಬಂದದ್ದು. ಎಲ್ಲರ ಮಾತಾದ ಮೇಲೆ ಕಮ್ಮಟ ನಡೆಸುವವನು, ಅಂದರೆ ನಾನು, ನಾಲ್ಕು ಮಾತು ಹೇಳಿ ಮುಗಿಸುವುದು. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಬಚ್ಚಿಟ್ಟುಕೊಳ್ಳಲು ಅದು ಎಂಥ ಒಳ್ಳೆಯ ಜಾಗ ಎಂಬುದು ಮಾತ್ರ ಮೂಡಲಗಿಯಲ್ಲಿ ತಿಳಿಯಿತು.

ಆ ಸಲ ಒಂದೇ ತಂಡದ ಕಮ್ಮಟ ಮೂರು ಊರುಗಳಲ್ಲಿ ಎಂದು ನಿಗದಿಯಾಗಿತ್ತು. ಒಂದು ಭಾನುವಾರ ಗೋಕಾಕ, ಮುಂದಿನದು ಮೂಡಲಗಿ, ಕೊನೆಯದು ಹುಕ್ಕೇರಿ. ಬರೆದು ಪಳಗಿದವರು, ಈಗಷ್ಟೇ ಬರೆಯತೊಡಗಿದವರು, ಬರೆಯಬೇಕೆಂದು ಬರೀ ಅಂದುಕೊಂಡವರು, ಯಾರು ಬೇಕಾದರೂ ಬರಬಹುದು ಎಂದು ಪ್ರಕಟಣೆಯಲ್ಲಿ ಹಾಕಿದ್ದೆ. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಮೂಡಲಗಿಯಲ್ಲಿರುವ ನನ್ನ ಅಕ್ಕನಿಗೂ ಮುಟ್ಟಿತು. ಫೋನ್ ಮಾಡಿದಳು.

"ತಮ್ಮಾ, ಎಲ್ಲಾ ಮಟ್ಟದವರು ಬರಬಹುದು ಅಂತ ಹಾಕಿದಿಯಲ್ಲ, ಅದು ಖರೇನೋ, ಸುಮ್ನ ಹಾಕಿದ್ಯೊ?"

"ಖರೆ. ಯಾಕಕ್ಕಾ?"

"ನಾನೂ ಬರ್ತೀನಿ. ಏಳನೇ ಇಯತ್ತೆ ಪಾಸ್ ಅನ್ನೂದೂ ಒಂದು ಮಟ್ಟನ ಅಲ್ಲೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಮಗಳ ಮದುವೆಯಾದ ಮೇಲೆ ಭಾನುವಾರ ಕೈ ಖಾಲಿ ಇರುತ್ತದೆ, ಏನೇನೋ ಬರೆದಿಟ್ಟಿದ್ದೇನೆ ಎಂದಳು. ಆಮೇಲೆ, "ಅಲ್ಲಿ ನಾ ನಿನಗ ಸರ್ ಅಂತೀನಿ. ನಿಮ್ಮಕ್ಕ ಅಂತ ಗೊತ್ತಾದ್ರ ಯಾರೂ ನನ್ನ ಬರವಣಿಗಿಗೆ ಬೈಯೂದಿಲ್ಲ. ಹೊಗಳಿ ಕಳಸ್ತಾರ," ಎಂದಳು.

ನಿನ್ನಿಷ್ಟ ಎಂದೆ. ಅವಳಿಗೆ ಬೇಕಾಗಿದ್ದದ್ದು ಪ್ರಾಮಾಣಿಕ ಮಾತು. ನನಗೆ ಬೇಕಾಗಿದ್ದದ್ದು ಬೇರೆ. ನಾಲ್ಕು ಜನ ಓದಿದವರ ಎದುರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಕ್ಕನನ್ನು ಪರಿಚಯಿಸುವ ಪ್ರಸಂಗ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ. ಹೀಗೆ ಅನಿಸಿತ್ತೋ ಇಲ್ಲವೋ ಎಂದು ಅನುಮಾನಿಸಿ ನೋಡಿದೆ. ಮೂಡಲಗಿಯಿಂದೀಚೆಗೆ ನನ್ನ ನೆನಪುಗಳನ್ನೆಲ್ಲ ಹಾಗೆ ಅನುಮಾನಿಸುವುದು ನನಗೆ ಚಟವಾಗಿದೆ. ಇದೊಂದು ಮಾತ್ರ ಅಲುಗಾಡುತ್ತಿಲ್ಲ.

ಗೋಕಾಕದಲ್ಲಿ ಒಂದು ಶಾಲೆಯ ಕೋಣೆ. ಮುಂದಿನ ಸಾಲಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು, ಅವರ ಪಕ್ಕ ಶಾಯರಿ ಬರೆಯುವ ಒಬ್ಬ ಟೇಲರ್, ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ, ಇನ್ನೂ ಕೆಲವರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು. ನೆನಪಿನ ಬರವಣಿಗೆ ಎಂದರೇನು ಎಂಬುದರ ಮೇಲೆ ಮಾತಾಡಿದೆ. "ನೆನಪು ಸಾಕ್ಷಿಯಲ್ಲ, ಕರಡು ಪ್ರತಿ. ಅದನ್ನು ನಂಬಬೇಡಿ, ತಿದ್ದಿ," ಎಂದೆ. ಹೆಡ್‌ಮಾಸ್ತರರು ಬರೆದುಕೊಂಡರು. ಮಾದರಿಗೆಂದು, ಎಲ್ಲ ಕಮ್ಮಟಗಳಲ್ಲೂ ಓದುವ ನನ್ನದೇ ಒಂದು ಪ್ರಬಂಧವನ್ನು ಓದಿದೆ. ನನ್ನ ಪುಸ್ತಕದಲ್ಲಿ ಜನ ಹೆಚ್ಚು ಮೆಚ್ಚಿದ್ದು ಅದನ್ನೇ.

ಅದು ಹೀಗಿದೆ. ನಾವು ಗೋಕಾಕ ಫಾಲ್ಸಿನಲ್ಲಿದ್ದಾಗ ಅಪ್ಪ ಮಿಲ್ಲಿನ ಕೆಲಸಗಾರ. ಹೊಳೆಯ ಈಚೆಗೆ ನಮ್ಮ ಬಾಡಿಗೆ ಮನೆ, ಆಚೆಗೆ ಮಿಲ್ಲು, ನಡುವೆ ತೂಗುಸೇತುವೆ. ಎರಡನೇ ಇಯತ್ತೆಯಲ್ಲಿದ್ದ ನಾನು ಅಪ್ಪನ ಬುತ್ತಿ ಹಿಡಿದು ಒಬ್ಬನೇ ಹೊರಟಿದ್ದೇನೆ. ಸೇತುವೆಯ ನಡುವೆ ಗಾಳಿಗೆ ಹಲಗೆ ಅಲುಗಾಡಿ, ಸಂದಿಯಲ್ಲಿ ಕೆಳಗಿನ ನೀರು ಕಂಡು, ಕಾಲು ಮುಂದೆ ಹೋಗದೆ ಕೂತುಬಿಡುತ್ತೇನೆ. ಹಿಂದೆ ಹೋಗಲಾರೆ, ಮುಂದೆ ಹೋಗಲಾರೆ. ಭಯಕ್ಕೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ತಿಂದು ಮುಗಿಸುತ್ತೇನೆ. ಖಾಲಿ ಬಟ್ಟೆ ಹಿಡಿದು ಮನೆಗೆ ಬಂದು, ಅಪ್ಪ ಉಂಡ ಎನ್ನುತ್ತೇನೆ. ಸಂಜೆ ಅಪ್ಪ ಬಂದಾಗ ಅವ್ವ ಕೇಳುತ್ತಾಳೆ. ಅಪ್ಪ, "ಉಂಡೆ. ಚಟ್ನಿ ಛಲೋ ಆಗಿತ್ತು," ಎನ್ನುತ್ತಾನೆ. ಪ್ರಬಂಧದ ಕೊನೆಯ ಸಾಲು: ಅಪ್ಪನಿಗೆ ಎಷ್ಟು ಗೊತ್ತಿತ್ತು ಎಂಬುದು ನನಗೆ ಇಂದಿಗೂ ತಿಳಿಯದು.

ಓದಿ ತಲೆ ಎತ್ತಿದಾಗ ಟೇಲರ್ "ವ್ಹಾ" ಎಂದ. ಉಳಿದವರು ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಒಲೆಯ ಮೇಲಿನ ಹಾಲು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ಪುಸ್ತಕ ಬಂದಾಗ ಅವಳಿಗೊಂದು ಪ್ರತಿ ಕೊಟ್ಟಿದ್ದೆ. ಅವಳ ಮನೆಯ ಶೋಕೇಸಿನಲ್ಲಿ ಅದು ಬಂದವರಿಗೆಲ್ಲ ಕಾಣುವ ಹಾಗೆ ನಿಂತಿದೆ. ಓದಿದೆಯಾ ಎಂದು ನಾನು ಕೇಳಿರಲಿಲ್ಲ. ಓದಿರಲಾರಳು ಎಂದುಕೊಂಡಿದ್ದೆ.

ಮೊದಲ ಬಾರಿಗೆ ಹೆದರಿದ್ದನ್ನು ಕುರಿತು ಬರೆದುಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿ ಆ ದಿನ ಮುಗಿಸಿದೆ.

ಮೂಡಲಗಿಯಲ್ಲಿ ಅಕ್ಕನ ಸರದಿ ಚಹಾ ಆದ ಮೇಲೆ ಬಂತು. ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದಳು. ಹೊಳೆ, ತೂಗುಸೇತುವೆ, ಅಪ್ಪನ ಬುತ್ತಿ. ಅವಳ ಬರಹದಲ್ಲಿ ಬುತ್ತಿ ಹೊತ್ತವಳು ಹುಡುಗಿ. ಒಂದು ಕೈಯಲ್ಲಿ ಬುತ್ತಿ, ಸೊಂಟದ ಮೇಲೆ ಇನ್ನೂ ಸಾಲಿ ಕಾಣದ ತಮ್ಮ. ಸೇತುವೆಯ ನಡುವೆ ತಮ್ಮ ಹೆದರಿ ಚೀರುತ್ತಾನೆ, ಅವಳ ಕೊರಳು ತಬ್ಬಿ ಹಿಸುಕುತ್ತಾನೆ. ಅವನ ಒದ್ದಾಟಕ್ಕೆ ಹಲಗೆಗಳು ಇನ್ನಷ್ಟು ಕುಣಿಯುತ್ತವೆ. ಬೇರೆ ದಾರಿ ಕಾಣದೆ ಅವಳು ಅಲ್ಲೇ ಕೂತು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಚಟ್ನಿ ಹಚ್ಚಿ ಅವನ ಬಾಯಿಗಿಡುತ್ತಾಳೆ. ಅಳು ನಿಲ್ಲುತ್ತದೆ. ಇನ್ನೊಂದು ತುತ್ತು. ಅವನು ಬಿಟ್ಟದ್ದನ್ನು ಅವಳು ತಿನ್ನುತ್ತಾಳೆ.

"ಅಲ್ಲಿಗೇ ನಿಲ್ಲಿಸ್ರಿ," ಎಂದರು ಹೆಡ್‌ಮಾಸ್ತರರು.

ಅಕ್ಕ ನಿಲ್ಲಿಸಿದಳು. ಕೈಯಲ್ಲಿ ಇನ್ನೊಂದು ಹಾಳೆ ಉಳಿದಿತ್ತು.

"ಪರೀಕ್ಷಾದಾಗ ಭಾಳ ಕಾಪಿ ಹಿಡದಾಂವ ನಾನು. ಇದು ಹೋದ ವಾರ ಸರ್ ಓದಿದ್ದರೀ. ನಡುವ ಒಬ್ಬಾಕಿ ಹುಡುಗೀನ ತಂದ್ರ ಬ್ಯಾರೆ ಆಗ್ತೈತೇನು?"

"ಅಂಗಿ ಸರ್‌ದು. ಗುಂಡಿ ಅಷ್ಟ ಅಕ್ಕಾರು ಬ್ಯಾರೆ ಹಚ್ಯಾರ," ಎಂದ ಟೇಲರ್. ಕೋಣೆ ನಕ್ಕಿತು. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನಗೆ ಎದ್ದರೆ ಸಾಕು ಅವನಿಗೆ.

ಕಾಲೇಜಿನ ಹುಡುಗಿ ಮೆಲ್ಲಗೆ, "ಆದ್ರ ಇದರಾಗ ಕೂಸಿಗೆ ತಿನಿಸೂದು ಐತಲ್ರಿ. ಅದು ಸರ್ ಬರದದ್ದರಾಗ ಇರಲಿಲ್ಲ," ಎಂದಳು.

"ಅದನ್ನ ತಿದ್ದೂದು ಅಂತೀನಿ," ಎಂದರು ಹೆಡ್‌ಮಾಸ್ತರರು. "ನೆನಪು ತಿದ್ರಿ ಅಂತ ಸರ್ ಹೇಳಿದ್ರು. ಇವರು ಸರ್ ನೆನಪನ್ನ ತಿದ್ಯಾರ."

ಮತ್ತೆ ನಗೆ. ಅಕ್ಕ ಬಾಯಿ ತೆರೆಯಲಿಲ್ಲ. ಓದಿದವರು ಸುಮ್ಮನಿರಬೇಕು. ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು ಬೆರಳಿಗೆ ಸುತ್ತುತ್ತ ಕೂತಿದ್ದಳು. ಒಂದೇ ಸಲ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತು ಎಂದು ನಾನೀಗ ಬರೆದರೆ ಅದು ಆಮೇಲೆ ಸೇರಿಸಿದ್ದಾಗುತ್ತದೆ. ಬಹುಶಃ ನಾನು ಏನು ಮಾಡುತ್ತೇನೋ ನೋಡೋಣ ಎಂದಷ್ಟೇ ಇತ್ತು.

ನನ್ನ ಸರದಿ ಬಂತು. "ಇವಳು ನನ್ನಕ್ಕ, ಆ ಸೊಂಟದ ಮೇಲಿದ್ದವನು ನಾನು" ಎಂದರೆ ಮುಗಿಯುತ್ತಿತ್ತು. ಕಡೆಯ ಪಕ್ಷ, ಉಳಿದ ಹಾಳೆಯನ್ನು ಓದಿ ಮುಗಿಸಲಿ ಎನ್ನಬಹುದಿತ್ತು. ನಾನು ಹೇಳಿದ್ದು ಇದು: "ನಕಲು ಎಂಬ ಮಾತು ಬೇಡ. ಪ್ರಭಾವ ಎನ್ನೋಣ. ಹೊಸದಾಗಿ ಬರೆಯುವವರು ಮೆಚ್ಚಿದ ಬರಹದ ಪ್ರಭಾವಕ್ಕೆ ಒಳಗಾಗುವುದು ಸಹಜ."

ಅಕ್ಕ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. "ಆತ್ರಿ ಸರ್," ಎಂದಳು.

ಆ ದಿನ ಮಧ್ಯಾಹ್ನದ ಊಟ ಅವಳ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು. ಗೋಕಾಕದಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಸಿಕ್ಕ ಬಸ್ಸು ಕುಲಗೋಡ ಸುತ್ತಿ ಹೋಗುವಂಥದ್ದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗುವಾಗ, ಹಸಿದ ಹೊಟ್ಟೆಯಲ್ಲಿ, ಬೇರೆಯವರ ನೆನಪಿಗೆ ಹಾಕುವ ಪ್ರಶ್ನೆಗಳನ್ನು ಮೊದಲ ಸಲ ನನ್ನದಕ್ಕೆ ಹಾಕಿದೆ. ನಾನು ಎರಡನೇ ಇಯತ್ತೆಗೆ ಬರುವ ಹೊತ್ತಿಗೆ ನಾವು ಎಲ್ಲಿದ್ದೆವು? ಘಟಪ್ರಭಾದಲ್ಲಿ. ಅಪ್ಪ ಮಿಲ್ಲು ಬಿಟ್ಟು ಸ್ಟೇಶನ್ ಹತ್ತಿರದ ಅಂಗಡಿಗೆ ಸೇರಿಯಾಗಿತ್ತು. ಒಂದನೇ ಇಯತ್ತೆಗೆ ಅಲ್ಲಿಯ ಸಾಲಿಗೆ ಸೇರಿದ ಮೊದಲ ದಿನವೇ ರೈಲಿನ ಸದ್ದಿಗೆ ನಾನು ಬೆಂಚಿನಿಂದ ಎದ್ದು ಓಡಿದ್ದು ಮನೆಯವರೆಲ್ಲರಿಗೂ ಗೊತ್ತಿದ್ದ ಕಥೆ. ಹಾಗಾದರೆ ಎರಡನೇ ಇಯತ್ತೆಯ ಹುಡುಗ ಆ ಸೇತುವೆಯ ಮೇಲೆ ಹೇಗೆ ಬಂದ? ಇಷ್ಟು ಸರಳವಾದ ಲೆಕ್ಕವನ್ನು ನಾನು ಒಮ್ಮೆಯೂ ಹಾಕಿರಲಿಲ್ಲ.

ಖಂಡಿತ ನೆನಪಿರುವುದು ಯಾವುದು ಎಂದು ಹುಡುಕಿದೆ. ಚಟ್ನಿಯ ಖಾರ. ಹಲಗೆಗಳ ಸಂದಿಯ ನೀರು. ಆ ಹಲಗೆಗಳು ನನ್ನಿಂದ ಬಹಳ ಕೆಳಗೆ ಕಾಣುತ್ತವೆ, ನಡೆಯುವ ಹುಡುಗನಿಗೆ ಕಾಣುವುದಕ್ಕಿಂತ ಕೆಳಗೆ. ಸೊಂಟದ ಮೇಲಿಂದ ಕಂಡ ಹಾಗೆ. ಇದು ಹೊಳೆಯಿತು. ಮರುಕ್ಷಣ ಅನುಮಾನ: ಅಕ್ಕ ಓದಿದ ಮೇಲೆ ಆ ಎತ್ತರವನ್ನು ನಾನೇ ಕಟ್ಟಿಕೊಂಡೆನೋ ಏನೋ. ಅದು ಇಂದಿಗೂ ಬಗೆಹರಿದಿಲ್ಲ. ಆದರೆ ಒಂದು ಬಗೆಹರಿಯಿತು. ತುತ್ತಿನ ರುಚಿ ನನ್ನ ಬಾಯಲ್ಲಿ ಉಳಿದಿದೆ, ತುತ್ತಿಟ್ಟ ಕೈ ಉಳಿದಿಲ್ಲ. ಪ್ರಬಂಧ ಬರೆಯುವಾಗ ಒಬ್ಬಂಟಿ ಹುಡುಗನಿದ್ದರೆ ಚೆನ್ನ ಎಂದು ಆ ಕೈಯನ್ನು ತೆಗೆದೆನೋ, ಅದು ಮೊದಲೇ ಹೋಗಿತ್ತೋ? ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಗೇಡು ಎಂದು ಹೇಳಲಾರೆ.

ಅಕ್ಕ ಹುಕ್ಕೇರಿಗೆ ಬರಲಾರಳು ಎಂದುಕೊಂಡಿದ್ದೆ. ನನಗಿಂತ ಮೊದಲೇ ಬಂದು ಕೂತಿದ್ದಳು. ಈ ಸಲ ಮುಂದಿನ ಸಾಲಿನಲ್ಲಿ.

ಕಮ್ಮಟ ಶುರುವಾಗುವ ಮೊದಲೇ ಎದ್ದು ನಿಂತು ಹೇಳಿಬಿಟ್ಟೆ. ಇವರು ನನ್ನ ಅಕ್ಕ, ಬುತ್ತಿ ಹೊತ್ತವರು ಇವರು, ನನ್ನ ಪ್ರಬಂಧವೇ ತಪ್ಪು, ಹೋದ ವಾರ ಎಲ್ಲರೂ ನಕ್ಕಾಗ ಸುಮ್ಮನಿದ್ದೆ. ಕೂಡಲೇ ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು.

"ನೋಡ್ರಿ, ಇದು ದೊಡ್ಡ ಮನಸು. ಎಷ್ಟ ಮಂದಿ ಹಿಂಗ ಒಪ್ಕೊಂತಾರ?"

ಎಲ್ಲರೂ ತಟ್ಟಿದರು. ಗೋಕಾಕದಲ್ಲಿ ತಟ್ಟಿದ್ದಕ್ಕಿಂತ ಜೋರಾಗಿ. ಅವಳದನ್ನು ನನ್ನದೆಂದಾಗಲೂ ಚಪ್ಪಾಳೆ ನನಗೇ ಬಂದಿತ್ತು, ಅವಳದೆಂದಾಗಲೂ ನನಗೇ ಬಂತು. ನೆಲ ನೋಡುತ್ತ ನಿಂತೆ. ಅದನ್ನೂ ಅವರು ವಿನಯ ಎಂದುಕೊಂಡಿರಬೇಕು.

ಟೇಲರ್ ಮಾತ್ರ ಅಕ್ಕನ ಕಡೆ ತಿರುಗಿ ಕೈಮುಗಿದ. "ತಪ್ಪಾತ್ರಿ ಅಕ್ಕಾರ. ಅಂಗೀನೂ ನಿಮ್ದ."

"ಅಂಗಿ ಇಬ್ಬರದೂ ಹೌದ್ರಿ," ಎಂದಳು ಅಕ್ಕ. "ಇವ್ರು ತಮ್ಮ ಅಳತಿಗೆ ಕತ್ತರಿಸಿದ್ರು, ಅಷ್ಟ."

ಹೆಡ್‌ಮಾಸ್ತರರು ಬಲು ಹೊತ್ತು ನಕ್ಕರು. ಆಮೇಲೆ ಅಕ್ಕ ಚೀಲದಿಂದ ಹಾಳೆ ತೆಗೆದಳು. ನಾನು ಇನ್ನೂ ಏನೋ ಹೇಳಲು ಹೊರಟಿದ್ದೆ.

"ಸರ್, ನಿಮ್ದು ಓದಿ ಆಗೇತಿ. ಓದಿದವರು ಸುಮ್ನ ಕುಂದ್ರಬೇಕಲ್ರಿ?"

ಕೂತೆ.

ಮೂಡಲಗಿಯಲ್ಲಿ ಓದು ನಿಂತಲ್ಲಿಂದಲೇ ಅವಳು ಶುರುಮಾಡಿದಳು. ಆ ಹಾಳೆಯಲ್ಲಿದ್ದದ್ದು ಬಹಳ ವರ್ಷಗಳ ಮೇಲಿನ ಮಾತು. ಮದುವೆಯಾಗಿ ಅವಳು ಗಂಡನ ಮನೆಗೆ ಹೊರಟ ಬೆಳಿಗ್ಗೆ ದಾರಿಗೆಂದು ಅಪ್ಪ ತಾನೇ ಬುತ್ತಿ ಕಟ್ಟಿ ಕೈಗಿಡುತ್ತಾನೆ. "ಇದನ್ನರ ಮನಿ ಮುಟ್ಟಸು," ಎಂದು ನಗುತ್ತಾನೆ. ಅವಳಿಗೆ ತಿಳಿಯುವುದಿಲ್ಲ. ಆಗ ಅಪ್ಪ ಹೇಳುತ್ತಾನೆ: "ಆವತ್ತು ಊಟದ ಭೋಂಗಾ ಊದೂದಕ್ಕ ಮಿಲ್ಲಿನ ಗೇಟಿಗೆ ಬಂದು ನಿಂತಿದ್ದೆ. ತೂಗು ಪೂಲಿನ ನಡುವ ಇಬ್ಬರೂ ಕುಂತಿದ್ರಿ. ಕೂಗಿದ್ರ ಬೆಚ್ಚಿ ಏಳ್ತಿದ್ರಿ, ಹಲಗಿ ಅಳ್ಳಾಡ್ತಿತ್ತು. ಅದಕ್ಕ ಸುಮ್ನ ನಿಂತೆ. ನೀ ಅವನ ಬಾಯಿ ಒರಸಿ, ಎತ್ಕೊಂಡು, ತಿರುಗಿ ದಂಡಿ ಮುಟ್ಟೂ ತನಕ ನಿಂತಿದ್ದೆ."

ಅಷ್ಟೇ. ಅವಳು ಕೂತಳು. ಚಪ್ಪಾಳೆ ಬರಲಿಲ್ಲ. ಕಾಲೇಜಿನ ಹುಡುಗಿ ಕಣ್ಣೊರೆಸಿಕೊಂಡಳು. ಯಾರೂ ಏನೂ ಹೇಳದೇ ಇದ್ದುದರಿಂದ ಕೊನೆಯ ನಾಲ್ಕು ಮಾತಿನ ಸರದಿ ನನಗೆ ಬಂತು. ನನ್ನ ಪ್ರಬಂಧದ ಕೊನೆಯ ಸಾಲು ನೆನಪಾಯಿತು.

ಅಪ್ಪನಿಗೆ ಎಷ್ಟು ಗೊತ್ತಿತ್ತು ಎಂಬುದು ನನಗೆ ಇಂದಿಗೂ ತಿಳಿಯದು. ಆ ಸಾಲನ್ನು ಎಷ್ಟೊಂದು ಜನ ಮೆಚ್ಚಿದ್ದರು. ಉತ್ತರ ಕೊಡದೆ ಬಿಡುವ ಧೈರ್ಯ ಎಂದಿದ್ದರು. ನಾನೂ ಹಾಗೇ ನಂಬಿ, ಬೇರೆಯವರಿಗೂ ಅದನ್ನೇ ಪಾಠ ಮಾಡಿದ್ದೆ. ಉತ್ತರ ಮೂಡಲಗಿಯಲ್ಲಿ, ನನ್ನ ಪುಸ್ತಕವಿದ್ದ ಮನೆಯಲ್ಲೇ ಇತ್ತು. ಒಂದು ಮಾತು ಕೇಳಿರಲಿಲ್ಲ, ಅಷ್ಟೇ.

ಸಂಜೆ ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಘಟಪ್ರಭಾದ ಬಸ್ಸಿಗೆ ಕಾಯುತ್ತ ನಿಂತೆವು. ಅಕ್ಕ ಚುರುಮುರಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು. ತಿನ್ನುತ್ತ, ನೆಲ ನೋಡುತ್ತಲೇ ಕೇಳಿದೆ.

"ಅಕ್ಕಾ, ನೀ ಗಂಡನ ಮನಿಗೆ ಹೊಂಟ ದಿನ ಅಪ್ಪ ನನ್ನ ಬಗ್ಗೆ ಏನರ ಅಂದನೇನು?"

"ಅಂದ."

"ಏನಂದ?"

ಅವಳು ಕೈ ಝಾಡಿಸಿಕೊಂಡಳು. "ಬರೂ ಆಯ್ತಾರ ಮನಿಗೆ ಬಾ. ಉಂಡ ಮ್ಯಾಲೆ ಹೇಳ್ತೀನಿ. ಇಲ್ಲೇ ಹೇಳಿದ್ರ ಬಸ್ಸಿನ್ಯಾಗ ಕುಂತು ಬರದ್ ಬಿಡ್ತಿ."

ಹೋದೆ. ಉಂಡೆ. ಹೇಳಿದಳು. ಅದನ್ನು ಇಲ್ಲಿ ಬರೆದಿಲ್ಲ.