ಐಸ್ ಡಬ್ಬಿಯೊಳಗಿನ ಮಲ್ಲಿಗೆ

ಕಿರುಬೆರಳಿನಷ್ಟು ಸಪೂರ ಜಡೆ, ಅದರ ಮೇಲೆ ದಟ್ಟವಾಗಿ ಸುತ್ತಿದ ಭಟ್ಕಳ ಮಲ್ಲಿಗೆ. ಕಾಲೇಜಿನಲ್ಲಿ ಪಾಠ ಮಾಡುತ್ತ ಭಟ್ಕಳದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಯನ್ನು ನೆನೆದರೆ ಮೊದಲು ಕಾಣುವುದು ಇದು. ಹೂವು ನಿಜಕ್ಕೂ ಅಷ್ಟು ಇರುತ್ತಿತ್ತೋ, ನನ್ನ ನೆನಪೇ ಇನ್ನೊಂದು ಮೊಳ ಸೇರಿಸಿತೋ, ಹೇಳಲಾರೆ.

ದಿನವೂ ಸಂಜೆ ಅವರ ಯಜಮಾನರು ಪೇಟೆಯಿಂದ ಹೂ ತರುತ್ತಿದ್ದರು. ಆಮೇಲೆ ಹಾಸಿಗೆ ಹಿಡಿದರು. ಬಾಯಿಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಂತಾಯಿತು. ಐಸ್ ತುಂಡು ಚೀಪಿದರೆ ಮಾತ್ರ ಉರಿ ತುಸು ತಗ್ಗುತ್ತಿತ್ತು. ಬಟ್ಟಲಲ್ಲಿ ಗಟ್ಟಿಮಾಡಿ ಕುಟ್ಟಿದ ಐಸಿನ ಮೊನೆ ಚುಚ್ಚುತ್ತದೆ. ಒಡತಿಯ ತಮ್ಮ ದುಬೈಯಿಂದ ಕಳಿಸಿದ ಫ್ರಿಜ್ ತಾನೇ ನೀರೆಳೆದು ನಯವಾದ ಅರ್ಧಚಂದ್ರದ ತುಂಡುಗಳನ್ನು ಡಬ್ಬಿಗೆ ಬೀಳಿಸುತ್ತಿತ್ತು. ಆ ಫ್ರಿಜ್ಜನ್ನೂ ಒಡತಿ ‘ತಮ್ಮ’ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಐಸ್ ಬೀಳುವುದು ನಿಂತಿತು.

“ಮಾಸ್ತರ್ರೇ, ಬನ್ನಿ ಇಲ್ಲಿ. ತಮ್ಮಂಗೆ ಎಂತ ಆತು ನೋಡಿ. ಅವರು ಬಾಯಿ ಹಿಡ್ಕಂಡು ಕೂತಿದಾರೆ,” ಎಂದು ಒಡತಿ ಕೂಗಿದರು.

ಫ್ರಿಜ್ಜಿನ ಹಿಂದಿನ ನಲ್ಲಿ ತೆರೆದಿತ್ತು. ಪೈಪು ಎಲ್ಲೂ ಮಡಚಿರಲಿಲ್ಲ. ಫಿಲ್ಟರಿನಲ್ಲಿ ನೀರು ಬರುತ್ತಿತ್ತು. ಹೊನ್ನಾವರದ ರಿಪೇರಿಯವನು ಫೋನಿನಲ್ಲಿ ಕೇಳಿದ: “ಡಬ್ಬಿ ಮೇಲಿನ ಕಡ್ಡಿ ಕೆಳಗದ್ಯಾ? ಅದು ಮೇಲೇ ನಿಂತ್ರೆ ಡಬ್ಬಿ ತುಂಬ್ತು ಅಂದ್ಕಂಡು ಮಷಿನ್ ಸುಮ್ನಾಗ್ತದೆ.”

ಕಡ್ಡಿ ಮೇಲೇ ನಿಂತಿತ್ತು. ಅದರಡಿಯಲ್ಲಿ ಬಾಳೆಲೆಯ ಪೊಟ್ಟಣ.

ಒಡತಿ ಪೊಟ್ಟಣವನ್ನು ಕೈಗೆತ್ತಿಕೊಂಡರು. “ಅವರು ಕಡೆಗೆ ತಂದ ಹೂ,” ಎಂದರು. “ಬಾಡೂದು ಬೇಡ ಅಂತ ಫ್ರೀಜರಲ್ಲಿ ಇಟ್ಟಿದ್ದೆ. ನಿನ್ನೆ ಬಂಗಡೆ ತಂದ್ನಲ್ಲ, ವಾಸನೆ ತಾಗ್ತದೆ ಅಂತ ಡಬ್ಬಿಗೆ ಹಾಕ್ದೆ.”

ಬೇರೆ ಕಡೆ ಇಡೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಪೊಟ್ಟಣ ಬಿಚ್ಚಿ, ಅಂಚು ಕಂದಿದ ಆ ಮಲ್ಲಿಗೆಯನ್ನು ಹಾಗೇ ಮುಡಿದರು. “ಅಯ್ಯಬ್ಬ! ಕುತ್ತಿಗೆ ಮರಗಟ್ಟಿತು!” ಎನ್ನುತ್ತ ಯಜಮಾನರ ಕೋಣೆಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

“ಬಾಡಿದ್ದು ಮುಡಿಯೂದೆಂತಕ್ಕೆ?” ಎಂದರು ಯಜಮಾನರು.

“ನೀವೂ ಬಾಡಿದ್ದೀರಿ. ನಾ ಬಿಟ್ಟಾಕಿದ್ನಾ?”

ನಾನು ಬಾಗಿಲಲ್ಲಿ ಗಾಬರಿಯಾಗಿ ನಿಂತೆ. ಆ ಕೋಣೆಯಲ್ಲಿ ನಾವೆಲ್ಲ ಪಿಸುಗುಟ್ಟುತ್ತಿದ್ದೆವು. ಯಜಮಾನರು ಹುಣ್ಣಿನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು, ನೋವಿಗೆ ಕಣ್ಣು ಕಿವುಚಿ, ನಕ್ಕರು. ಮಧ್ಯಾಹ್ನದ ಹೊತ್ತಿಗೆ ಐಸ್ ಮತ್ತೆ ಬಿದ್ದ ಸದ್ದಾಯಿತು.

ಆ ಮಳೆಗಾಲ ಯಜಮಾನರು ಹೋದರು. ಒಡತಿ ಕುಮಟಾದ ತಂಗಿಯ ಮನೆ ಸೇರಿ, ಹೋದ ವರ್ಷ ಅಲ್ಲೇ ತೀರಿಕೊಂಡರು. ಅವರಾಡಿದ್ದು ಇದೇ ಮಾತೋ, ಇಷ್ಟು ವರ್ಷಗಳಲ್ಲಿ ನಾನು ತಿದ್ದಿಕೊಂಡಿದ್ದೋ, ಕೇಳಲು ಯಾರೂ ಉಳಿದಿಲ್ಲ.

ಈಗ ನನ್ನ ಅಪ್ಪ ಹಾಸಿಗೆಯಲ್ಲಿದ್ದಾರೆ. ಬಂದವರೆಲ್ಲ ದನಿ ತಗ್ಗಿಸಿ ಮಾತಾಡಿಸುತ್ತಾರೆ. ಮೊನ್ನೆ ನಾನು ಅವರ ಗಡ್ಡ ಹೆರೆಯುತ್ತ, “ಇದೆಂತ ಅಪ್ಪ, ತೆಂಗಿನಕಾಯಿ ಸುಲಿದ ಹಾಗಾಯ್ತಲ್ಲ!” ಎಂದು ಗಟ್ಟಿಯಾಗಿ ಬೈದೆ.

ಅಪ್ಪ ನಕ್ಕರು.